ಗುಮ್ಮಟದ ಕೆಳಗೆ ಮಲಗಿದವರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮಕ್ಕಳಿಗೆ ಶಾಲೆಯ ಪ್ರವಾಸ ಎಂದರೆ ಮೊದಲು ವಿಜಯಪುರದ ಗೋಲಗುಮ್ಮಟ, ಆಮೇಲೆ ಉಳಿದದ್ದು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಬೇಕು, ಏದುಸಿರು ಬಿಡುತ್ತ ಮೆಟ್ಟಿಲು ಏರಬೇಕು, ಮೇಲಿನ ಗ್ಯಾಲರಿಯಲ್ಲಿ ನಿಂತು ತಮ್ಮ ಹೆಸರನ್ನು ತಾವೇ ಕೂಗಿ ಅದು ಮತ್ತೆ ಮತ್ತೆ ತಿರುಗಿ ಬರುವುದನ್ನು ಕೇಳಬೇಕು. ಮೇಷ್ಟ್ರಾಗಿದ್ದಾಗ ನಾನು ಎಷ್ಟೋ ತಂಡಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ.

ಆ ಗೋಲಗುಮ್ಮಟಕ್ಕೆ ಮುಂಬಯಿಯಲ್ಲಿ ಒಬ್ಬ ಮೊಮ್ಮಗ ಇದ್ದಾನೆ ಎಂದರೆ ನಂಬುತ್ತೀರಾ? ಗೇಟ್‌ವೇ ಆಫ್ ಇಂಡಿಯಾದಿಂದ ಸ್ವಲ್ಪ ದೂರ ನಡೆದರೆ ತೋಟದ ನಡುವೆ ಕರಿ ಮತ್ತು ಹಳದಿ ಕಲ್ಲಿನ ದೊಡ್ಡ ಕಟ್ಟಡ ಕಾಣುತ್ತದೆ. ಅದರ ನೆತ್ತಿಯ ಮೇಲೆ ಬಿಳಿಯ ಗುಮ್ಮಟ. ಅದೇ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಮೊದಲು ಅದರ ಹೆಸರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಅದರ ನಕ್ಷೆ ಬರೆದವನು ಜಾರ್ಜ್ ವಿಟೆಟ್. ಗೇಟ್‌ವೇ ಆಫ್ ಇಂಡಿಯಾವನ್ನು ರೂಪಿಸಿದವನೂ ಅವನೇ. ಮ್ಯೂಸಿಯಮ್ಮಿನ ಗುಮ್ಮಟಕ್ಕೆ ಅವನು ಮಾದರಿಯಾಗಿ ಇಟ್ಟುಕೊಂಡದ್ದು ನಮ್ಮ ಗೋಲಗುಮ್ಮಟವನ್ನು. ಕಲ್ಲು ಮಾತ್ರ ಮುಂಬಯಿಯದೇ, ಕುರ್ಲಾದ್ದು ಮತ್ತು ಮಲಾಡದ್ದು.

ನಾನು ಹೇಳಬೇಕೆಂದಿರುವುದು ಗುಮ್ಮಟದ ಕತೆಯಲ್ಲ, ಅದರ ಕೆಳಗೆ ಮೊದಲು ಬಂದು ಇದ್ದವರ ಕತೆ.

1905ರ ನವೆಂಬರ್ 11ರಂದು ಆ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಕಟ್ಟಿ ಮುಗಿದದ್ದು 1914ರಲ್ಲಿ. ಇನ್ನೇನು ಗಾಜಿನ ಕಪಾಟು ತಂದು, ಹಳೆಯ ಮೂರ್ತಿ, ನಾಣ್ಯ, ಚಿತ್ರಗಳನ್ನು ಜೋಡಿಸಿ ಬಾಗಿಲು ತೆರೆಯಬೇಕು ಎನ್ನುವಾಗ ಮೊದಲನೆಯ ಮಹಾಯುದ್ಧ ಶುರುವಾಯಿತು. ಮೂರ್ತಿಗಳು ಬರಬೇಕಾಗಿದ್ದ ಜಾಗಕ್ಕೆ ಮಂಚಗಳು ಬಂದವು. ಮ್ಯೂಸಿಯಂ ಸೈನಿಕರ ಆಸ್ಪತ್ರೆಯಾಯಿತು. ಅದೇ ಕಾಲದಲ್ಲಿ ಮಕ್ಕಳ ಆರೋಗ್ಯ, ಆರೈಕೆ ಕುರಿತ ಪ್ರದರ್ಶನಗಳಿಗೂ ಆ ಕಟ್ಟಡ ಬಳಕೆಯಾಯಿತು. ಮ್ಯೂಸಿಯಮ್ಮಿನ ಸಮಿತಿಯ ಕೈಗೆ ಅದು ಸಿಕ್ಕಿದ್ದು 1920ರಲ್ಲಿ, ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿ 10ರಂದು. ಅಂದರೆ ಆ ಕಟ್ಟಡ ನೋಡುವವರನ್ನು ಕಾಣುವುದಕ್ಕೆ ಮೊದಲು ನೋಯುವವರನ್ನು ಕಂಡಿತು.

ಇದನ್ನು ಹೇಳಿದಾಗ ಆರನೇ ಇಯತ್ತೆಯ ನನ್ನ ಮೊಮ್ಮಗಳು ಕೇಳಿದಳು: “ಮುತ್ಯಾ, ಆಸ್ಪತ್ರಿ ಮಾಡಾಕ ಮ್ಯೂಸಿಯಮ್ಮೇ ಯಾಕ ಬೇಕಾತು?”

ಒಳ್ಳೆಯ ಪ್ರಶ್ನೆ. ಇಬ್ಬರೂ ಕೂತು ಯೋಚಿಸಿದೆವು. ಮ್ಯೂಸಿಯಂ ಎಂದರೆ ಕೋಣೆಗಳು ದೊಡ್ಡವು, ಸಾಲಾಗಿ ಮಂಚ ಹಾಕಬಹುದು. ಚಾವಣಿ ಎತ್ತರ, ಗಾಳಿ ಆಡುತ್ತದೆ. ಗಾಯಕ್ಕೆ ಗಾಳಿ ಬೆಳಕು ಬೇಕು. ಬಾಗಿಲು ಅಗಲ, ದೊಡ್ಡ ಮೂರ್ತಿ ದಾಟುವ ಬಾಗಿಲಿನಲ್ಲಿ ಸ್ಟ್ರೆಚರ್ ಸಲೀಸಾಗಿ ದಾಟುತ್ತದೆ. ಸುತ್ತ ತೋಟವಿದೆ, ಎದ್ದು ಓಡಾಡಲು ಕಲಿಯುವವನಿಗೆ ನೆರಳು ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಬಂದರು ಹತ್ತಿರ. ಗಾಯಾಳುಗಳು ಬರುತ್ತಿದ್ದುದು ಹಡಗಿನಲ್ಲಿ.

ಎಲ್ಲಿಂದ ಬರುತ್ತಿದ್ದರು? ಫ್ರಾನ್ಸಿನಿಂದ, ಪೂರ್ವ ಆಫ್ರಿಕಾದಿಂದ, ಮತ್ತು ಮೆಸೊಪೊಟೇಮಿಯಾದಿಂದ, ಎಂದರೆ ಇಂದಿನ ಇರಾಕಿನಿಂದ. ಬಸ್ರಾ ಬಂದರಿನಿಂದ ಹೊರಟ ಹಡಗು ಮುಂಬಯಿಗೆ ಬರುತ್ತಿತ್ತು. ಅಲ್ಲಿ ಹೋರಾಡಿದ ಪೂನಾ ಡಿವಿಜನ್ನಿನಲ್ಲಿ ಮರಾಠಾ ಪಲ್ಟಣಗಳಿದ್ದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ ಕೊನೆಯವರೆಗೆ ಕುತ್ ಎಂಬ ಊರಿನಲ್ಲಿ ಆ ಸೈನ್ಯವನ್ನು ತುರ್ಕರು ಮುತ್ತಿದ್ದರು. 147 ದಿನ! ತಿನ್ನಲು ಕೂಳಿಲ್ಲದೆ ಕುದುರೆಗಳನ್ನೇ ಕೊಯ್ದರು. ಕೊನೆಗೆ ಸುಮಾರು 13 ಸಾವಿರ ಜನ ಸೆರೆಯಾದರು. ಅದಕ್ಕೆ ಮೊದಲು ಗಾಯಗೊಂಡು ನದಿಯ ದೋಣಿಗಳಲ್ಲಿ ಬಸ್ರಾದ ಕಡೆ ಸಾಗಿದವರೇ ಪುಣ್ಯವಂತರು ಎನ್ನಬೇಕು. ಆ ದೋಣಿಗಳಲ್ಲೂ ಔಷಧವಿಲ್ಲ, ನೆರಳಿಲ್ಲ, ನೋಡಿಕೊಳ್ಳುವವರು ಸಾಲದು. ಈ ದುರವಸ್ಥೆಯ ಬಗ್ಗೆ ಮುಂದೆ ಬ್ರಿಟಿಷ್ ಸರ್ಕಾರವೇ ವಿಚಾರಣೆ ನಡೆಸಬೇಕಾಯಿತು.

ಆಗ ನಮ್ಮ ಈ ನಾಲ್ಕೂರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಬನಹಟ್ಟಿ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ, ಪಕ್ಕದ ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಮುಧೋಳ ಘೋರ್ಪಡೆ ಅರಸರಿಗೆ, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಇಂದು ಒಂದೇ ಹೆಸರಿನಲ್ಲಿ ಬರೆಯುವ ರಬಕವಿ-ಬನಹಟ್ಟಿಯಲ್ಲಿ ಅಂದು ಇಬ್ಬರು ರಾಜರ ರೈತರು, ನೇಕಾರರು ಇದ್ದರು. ಆದರೆ ಮುಂಬಯಿ ಎಲ್ಲರಿಗೂ ಒಂದೇ. ನೂಲು ಬರುವುದೂ ಆ ಕಡೆಯಿಂದ, ಕೆಲಸ ಹುಡುಕಿ ಹೋಗುವುದೂ ಆ ಕಡೆಗೆ.

ನಮ್ಮ ಮನೆಯಿಂದಲೂ ಒಬ್ಬರು ಹೋಗಿದ್ದರು. ನನ್ನ ಮುತ್ಯಾನ ಅಣ್ಣ. ಮಳೆ ಕೈಕೊಟ್ಟು ಸೀರೆ ಕೊಳ್ಳುವವರಿಲ್ಲದೆ ಮಗ್ಗ ನಿಂತಾಗ, ಪಲ್ಟಣದ ಹಿಂದೆ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಸೇರಿದರಂತೆ. ಬಂದೂಕು ಹಿಡಿದವರಲ್ಲ. ಮದ್ದುಗುಂಡು, ಹಿಟ್ಟು, ನೀರು ಹೊತ್ತ ಪ್ರಾಣಿಗಳನ್ನು ನಡೆಸಿದವರು. ಆದರೆ ಗುಂಡಿಗೆ ಅದೆಲ್ಲ ಗೊತ್ತಾಗುತ್ತದೆಯೆ? 1916ರಲ್ಲಿ ಅವರು ಮುಂಬಯಿಯ ಒಂದು ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಪಲ್ಟಣ ಮುತ್ಯಾ’ ಎಂದೇ.

ಅವರಿಗೆ ಓದುಬರಹ ಬಾರದು. ಆಸ್ಪತ್ರೆಗೆ ಸೇವೆಗೆಂದು ಬರುತ್ತಿದ್ದ ಒಬ್ಬ ಕಾಲೇಜು ಹುಡುಗ ಅವರ ಪರವಾಗಿ ಕಾಗದ ಬರೆದ. ಹುಡುಗನಿಗೆ ಕನ್ನಡ ಬಾರದು, ಇವರಿಗೆ ಹರಕು ಮುರುಕು ಮರಾಠಿ. ಹೇಗೋ ಮಾಡಿ ಮರಾಠಿಯಲ್ಲಿ ನಾಲ್ಕು ಸಾಲು ಬರೆಸಿದರು: ನಾನು ಕ್ಷೇಮ, ಮುಂಬಯಿಗೆ ಬಂದಿದ್ದೇನೆ, ಒಂದೆರಡು ತಿಂಗಳಲ್ಲಿ ಊರಿಗೆ ಬರುತ್ತೇನೆ, ಅವ್ವಗ ಹೇಳಿ. ಕಾಗದ ಬಂದಾಗ ಊರಿನ ಕುಲಕರ್ಣಿಯವರು ಓದಿ ಹೇಳಿದರಂತೆ. ನಾಲ್ಕು ಸಾಲು ಮುಗಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಕೆಳಗೆ ಇನ್ನೂ ಒಂದು ಮಾತಿತ್ತು, ಅದು ಬರೆದವನದೇ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ, ತಿಳಿಸಬೇಡ ಅಂದಿದ್ದಾರೆ, ಆದರೂ ಬರೆದಿದ್ದೇನೆ, ಬಂದಾಗ ಎದುರಿಗೆ ಅಳಬೇಡಿ ಎಂದು.

ಈ ಕತೆಯನ್ನು ನನಗೆ ಹೇಳಿದ್ದು ನನ್ನ ಆಯಿ. ಅವಳು ಹೇಳುತ್ತಿದ್ದಳು: “ಅವರವ್ವ ಆ ಕಾಗದ ಕೇಳಿ ಎಂಟು ದಿನ ಅತ್ತಳು. ಅತ್ತು ಮುಗಿಸಿದ್ಲು. ಮಗ ಬಾಗಲಾಗ ಬಂದು ನಿಂತಾಗ ಚರಿಗಿ ತಂದು, ಒಂದು ಕಾಲಿಗೆ ನೀರು ಹಾಕಿದ್ಲು, ಆಮ್ಯಾಲ ಊರುಗೋಲಿನ ತುದಿಗೂ ನೀರು ಹಾಕಿದ್ಲು. ಒಳಗ ಬಾರಪಾ ಅಂದ್ಲು.”

ನಮ್ಮ ಕಡೆ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ಪದ್ಧತಿ. ಊರುಗೋಲೂ ಕಾಲೇ ಎಂದು ಆ ತಾಯಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗುಟ್ಟು ಬಿಟ್ಟುಕೊಟ್ಟ ಆ ಹುಡುಗ ಮಾಡಿದ್ದು ಸರಿಯೇ? ನಮ್ಮ ಮನೆಯಲ್ಲಿ ಈಗಲೂ ಈ ಚರ್ಚೆ ನಡೆಯುತ್ತದೆ. ಹೇಳಬೇಡ ಎಂದದ್ದನ್ನು ಬರೆಯಬಾರದಿತ್ತು ಎಂದು ನನ್ನ ಮಗನ ವಾದ. “ಆ ಹುಡುಗ ಬರದಿದ್ದಕ್ಕ ಅವ್ವ ಎದುರಿಗೆ ಅಳಲಿಲ್ಲ” ಎಂದು ಮೊಮ್ಮಗಳ ವಾದ. ನಾನು ಮೊಮ್ಮಗಳ ಕಡೆ. ಗಾಯಕ್ಕೆ ಪಟ್ಟಿ ಕಟ್ಟುವವರು ಆಸ್ಪತ್ರೆಯಲ್ಲಿ ಇದ್ದರು. ಮನೆಯವರ ಗಾಯಕ್ಕೆ ಪಟ್ಟಿ ಕಟ್ಟಿದವನು ಆ ಹುಡುಗ. ಅವನ ಹೆಸರು ಯಾರಿಗೂ ನೆನಪಿಲ್ಲ.

ಕುಣಿಮಗ್ಗದಲ್ಲಿ ಕೂತು ನೇಯಬೇಕಾದರೆ ಎರಡೂ ಕಾಲು ಬೇಕು. ಒಂದೊಂದು ಕಾಲಿಗೆ ಒಂದೊಂದು ತುಳಿಮಣೆ. ಹಾಗಾಗಿ ಪಲ್ಟಣ ಮುತ್ಯಾ ಮತ್ತೆ ನೇಯಲಿಲ್ಲ. ರಾಟಿ ಮುಂದೆ ಕೂತು ಕಂಡಿಕೆ ಸುತ್ತಿದರು. ಸಾಯುವವರೆಗೂ ಸುತ್ತಿದರು. ಅವರು ಸುತ್ತಿದ ಕಂಡಿಕೆಯಲ್ಲಿ ನೂಲು ಎಂದೂ ಸಿಕ್ಕಾಗುತ್ತಿರಲಿಲ್ಲವಂತೆ.

ಆ ಯುದ್ಧಕಾಲದಲ್ಲಿ ಹೀಗೆ ಸಂಬಳವಿಲ್ಲದೆ ದುಡಿದ ಸೇವಾಕರ್ತರು ಸಾವಿರಾರು. ಅವರಲ್ಲಿ ಒಬ್ಬರನ್ನು ನೀವೆಲ್ಲ ಬಲ್ಲಿರಿ. ಗಾಂಧೀಜಿ 1914ರ ಆಗಸ್ಟ್ 6ರಂದು ಇಂಗ್ಲೆಂಡಿನಲ್ಲಿ ಇಳಿದರು. ಯುದ್ಧ ಸಾರಿ ಆಗಿನ್ನೂ ಎರಡು ದಿನವಾಗಿತ್ತು. ಅಲ್ಲಿದ್ದ ಭಾರತೀಯರನ್ನು, ಹೆಚ್ಚಾಗಿ ವಿದ್ಯಾರ್ಥಿಗಳನ್ನು, ಸೇರಿಸಿ ಗಾಯಾಳುಗಳ ಸೇವೆಗೆ ಒಂದು ದಳ ಕಟ್ಟಿದರು. ಸುಮಾರು 80 ಜನ ಆರು ವಾರ ಪ್ರಥಮ ಚಿಕಿತ್ಸೆ ಕಲಿತರು. ಪರೀಕ್ಷೆಯಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಪಾಸು! ಮುಂದೆ ನೆಟ್ಲಿ ಎಂಬಲ್ಲಿನ ದೊಡ್ಡ ಸೈನಿಕ ಆಸ್ಪತ್ರೆಯಲ್ಲಿ ಭಾರತೀಯ ಸೈನಿಕರ ಆರೈಕೆಗೆ ಈ ದಳದವರು ಹೋದರು.

ಸರೋಜಿನಿ ನಾಯ್ಡು ಅವರೂ ಆಗ ಲಂಡನ್ನಿನಲ್ಲಿದ್ದರು. ಅಲ್ಲಿಯ ಒಂದು ಮಹಿಳಾ ಕ್ಲಬ್ಬು ಸೈನಿಕರಿಗೆ ಬಟ್ಟೆ ಹೊಲಿದುಕೊಡುವ ಕೆಲಸ ಹಿಡಿದಿತ್ತು. ಗಾಂಧೀಜಿಯ ಪರಿಚಯವಾದ ಹೊಸತರಲ್ಲೇ ಸರೋಜಿನಿಯವರು ಕತ್ತರಿಸಿಟ್ಟ ಬಟ್ಟೆಗಳ ದೊಡ್ಡ ರಾಶಿಯನ್ನು ಅವರ ಮುಂದೆ ಇಟ್ಟು, ಇಷ್ಟನ್ನೂ ಹೊಲಿಸಿ ತನ್ನಿ ಎಂದರು. ಗಾಂಧೀಜಿ ಗೆಳೆಯರ ನೆರವಿನಿಂದ ಸಾಧ್ಯವಾದಷ್ಟು ಹೊಲಿಸಿದರು. ನೇಕಾರರ ಊರಿನವನಾದ ನನಗೆ ಈ ಪ್ರಸಂಗ ಬಹಳ ಇಷ್ಟ.

ಮುಂಬಯಿಯಲ್ಲೂ ಹೆಂಗಸರು ಇದೇ ಕೆಲಸಕ್ಕೆ ಇಳಿದಿದ್ದರು. ಗವರ್ನರರ ಹೆಂಡತಿ ಲೇಡಿ ವಿಲಿಂಗ್ಡನ್ ಅವರ ಮುಂದಾಳತನದಲ್ಲಿ ಯುದ್ಧ ಪರಿಹಾರ ನಿಧಿಗೆ ಮಹಿಳೆಯರದೇ ಒಂದು ಶಾಖೆ ಇತ್ತು. ಕೈಕಾಲು ಕಳೆದುಕೊಂಡ ಸೈನಿಕರಿಗೆ ಕಸಬು ಕಲಿಸಲು 1917ರಲ್ಲಿ ಶುರುವಾದ ಕ್ವೀನ್ ಮೇರಿ ಶಾಲೆ ಇಂದಿಗೂ ಪುಣೆಯ ಖಡಕಿಯಲ್ಲಿ ನಡೆಯುತ್ತಿದೆ. ಗಾಯ ಮಾಯಿಸಿ ಕಳಿಸಿದರೆ ಸಾಲದು, ಅವನು ಊರಿಗೆ ಹೋಗಿ ಏನು ಮಾಡಬೇಕು ಎಂದೂ ಯಾರೋ ಯೋಚಿಸಿದರಲ್ಲ!

ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ನೀವು ಎಂದಾದರೂ ಬೆಳಕಿಗೆ ಹಿಡಿದು ನೋಡಿದ್ದೀರಾ? ನಮ್ಮ ಸೀರೆಯಲ್ಲಿ ಹಾಸಿನ ಎಳೆ, ಹೊಕ್ಕಿನ ಎಳೆ ಒತ್ತಾಗಿ ಕೂತಿರುತ್ತವೆ. ಗಾಜಿನಲ್ಲಿ ಎಳೆಗಳ ನಡುವೆ ಬೇಕೆಂದೇ ಸಂದು ಬಿಟ್ಟಿರುತ್ತಾರೆ. ಕೀವು, ನೀರು ಹೀರಬೇಕು, ಗಾಳಿ ಹಾಯಬೇಕು. ಮದುವೆ ಸೀರೆಗೆ ಒತ್ತು ನೇಯ್ಗೆ ಬೇಕು, ಗಾಯಕ್ಕೆ ಸಡಿಲ ನೇಯ್ಗೆ ಬೇಕು. ಬದುಕಿನಲ್ಲಿ ಎರಡೂ ಬೇಕಾಗುತ್ತವೆ.

ಇಂಗ್ಲೆಂಡಿನ ಬ್ರೈಟನ್ ಎಂಬ ಕಡಲೂರಿನಲ್ಲಿ ಒಂದು ಅರಮನೆ ಇದೆ. ಹೊರಗಿನಿಂದ ನೋಡಿದರೆ ಗುಮ್ಮಟ, ಮಿನಾರು, ಥೇಟ್ ನಮ್ಮ ದೇಶದ ಅರಮನೆಯ ಹಾಗೆ. 1914ರ ಡಿಸೆಂಬರಿನಿಂದ ಅದು, ಮತ್ತು ಅದರ ಪಕ್ಕದ ಸಭಾಂಗಣಗಳು, ಭಾರತೀಯ ಸೈನಿಕರ ಆಸ್ಪತ್ರೆಯಾದವು. 700ಕ್ಕೂ ಹೆಚ್ಚು ಮಂಚಗಳು. ಝಗಮಗಿಸುವ ತೂಗುದೀಪಗಳ ಕೆಳಗೆ ನಮ್ಮವರು ಮಲಗಿದ್ದರು. ಊಟದ ವಿಷಯದಲ್ಲಿ ಯಾರ ಮನಸ್ಸೂ ನೋಯಬಾರದೆಂದು ಒಂಬತ್ತು ಅಡುಗೆಮನೆಗಳನ್ನು ಮಾಡಿದ್ದರು. ಹಿಂದೂಗಳಿಗೆ ಬೇರೆ, ಮುಸಲ್ಮಾನರಿಗೆ ಬೇರೆ ನೀರಿನ ನಳ. ಫಲಕಗಳು ಉರ್ದು, ಹಿಂದಿ, ಗುರುಮುಖಿಯಲ್ಲಿ. 1915ರ ಆಗಸ್ಟಿನಲ್ಲಿ ಅದರ ಹುಲ್ಲುಹಾಸಿನ ಮೇಲೆಯೇ ಸುಬೇದಾರ್ ಮೀರ್ ದಸ್ತ್ ಅವರಿಗೆ ದೊರೆ ಐದನೆಯ ಜಾರ್ಜ್ ವಿಕ್ಟೋರಿಯಾ ಕ್ರಾಸ್ ಪದಕ ಕೊಟ್ಟ. ಅಲ್ಲಿ ತೀರಿಕೊಂಡ ಹಿಂದೂ, ಸಿಖ್ಖರನ್ನು ಊರಾಚೆಯ ಗುಡ್ಡದಲ್ಲಿ ದಹನ ಮಾಡಿದರು. ಆ ಜಾಗದಲ್ಲಿ ಇಂದು ಬಿಳಿಯ ಕಲ್ಲಿನ ಒಂದು ಛತ್ರಿ ನಿಂತಿದೆ. ಅದನ್ನು ಅಲ್ಲಿಯವರೂ ‘ಛತ್ರಿ’ ಎಂದೇ ಕರೆಯುತ್ತಾರೆ.

ಇನ್ನೂ ಹಿಂದೆ ಹೋದರೆ ಅಮೆರಿಕದ ಅಂತರ್ಯುದ್ಧ. ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯಲ್ಲಿ ಜನ ಕಂಡುಹಿಡಿದ ಯಂತ್ರಗಳ ಪುಟ್ಟ ಪುಟ್ಟ ಮಾದರಿಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು; ಅದೂ ಒಂದು ಮ್ಯೂಸಿಯಮ್ಮೇ. ಯುದ್ಧ ಬಂದಾಗ ಆ ಕಪಾಟುಗಳ ನಡುವೆಯೇ ಗಾಯಾಳುಗಳ ಮಂಚ ಹಾಕಿದರು. ವಾಲ್ಟ್ ವಿಟ್ಮನ್ ಎಂಬ ಕವಿ ಅಲ್ಲಿಗೂ ಊರಿನ ಬೇರೆ ಆಸ್ಪತ್ರೆಗಳಿಗೂ ಹೋಗಿ ಸೈನಿಕರ ಪಕ್ಕ ಕೂರುತ್ತಿದ್ದ, ಹಣ್ಣು ಹಂಚುತ್ತಿದ್ದ, ಬರೆಯಲಾರದವರ ಪರವಾಗಿ ಮನೆಗೆ ಕಾಗದ ಬರೆಯುತ್ತಿದ್ದ. ಅದೇ ಕಚೇರಿಯ ಗುಮಾಸ್ತೆ ಕ್ಲಾರಾ ಬಾರ್ಟನ್ ಯುದ್ಧಭೂಮಿಗೇ ಹೋಗಿ ಸೇವೆ ಮಾಡಿದಳು. ಮುಂದೆ 1881ರಲ್ಲಿ ಅಮೆರಿಕದ ರೆಡ್ ಕ್ರಾಸ್ ಕಟ್ಟಿದವಳು ಅವಳೇ. ಆ ಕಟ್ಟಡ ಈಗ ಕಲಾ ಮ್ಯೂಸಿಯಂ.

ಇಷ್ಟೆಲ್ಲ ಕೇಳಿದ ಮೇಲೆ ಮೊಮ್ಮಗಳು ಮತ್ತೊಂದು ಪ್ರಶ್ನೆ ಎಸೆದಳು: “ಆದರ ಮುತ್ಯಾ, ಅದು ಬ್ರಿಟಿಷರ ಯುದ್ಧ. ನಮ್ಮನ್ನ ಆಳವರ ಯುದ್ಧ. ಅದಕ್ಯಾಕ ನಮ್ಮವರು ದುಡೀಬೇಕಿತ್ತು?”

ಗಾಂಧೀಜಿಯನ್ನೂ ಅವರ ಗೆಳೆಯರು ಇಂಥದೇ ಪ್ರಶ್ನೆ ಕೇಳಿದ್ದರು. ಅಹಿಂಸೆ ಎನ್ನುವ ನೀವು ಯುದ್ಧಕ್ಕೆ ನೆರವಾಗುವುದು ಹೇಗೆ ಎಂದು. ಅವರು ಉತ್ತರ ಕೊಟ್ಟರು, ಆದರೆ ಎಲ್ಲರಿಗೂ ಅದು ಒಪ್ಪಿಗೆಯಾಗಲಿಲ್ಲ, ಇಂದಿಗೂ ಆಗಿಲ್ಲ. ನಾನು ಮೊಮ್ಮಗಳಿಗೆ ಹೇಳಿದ್ದು ಇಷ್ಟು: ಯುದ್ಧ ಯಾರದು ಎಂದು ಕೇಳಬೇಕು, ಜೋರಾಗಿಯೇ ಕೇಳಬೇಕು. ಆದರೆ ಕಾಲು ಕಳೆದುಕೊಂಡು ಬಾಗಿಲಿಗೆ ಬಂದವನನ್ನು ಕೇಳುವ ಮೊದಲ ಪ್ರಶ್ನೆ ಅದಲ್ಲ. ಮೊದಲು ನೀರು ಕೊಡಬೇಕು. ನಮ್ಮ ಪಲ್ಟಣ ಮುತ್ಯಾ ಯಾವ ರಾಜನಿಗಾಗಿಯೂ ಹೋದವರಲ್ಲ, ಹೊಟ್ಟೆಗಾಗಿ ಹೋದವರು. ಅವಳು ತಲೆ ಅಲ್ಲಾಡಿಸಿದಳು. ಪೂರ್ತಿ ಒಪ್ಪಿದಳೆಂದು ನನಗೆ ಅನಿಸಲಿಲ್ಲ. ಇರಲಿ, ದೊಡ್ಡವಳಾದ ಮೇಲೆ ಇನ್ನೂ ಯೋಚಿಸುತ್ತಾಳೆ.

ಕಟ್ಟಡಗಳು ಹೀಗೆ ವೇಷ ಬದಲಿಸುವುದನ್ನು ನೋಡಲು ದೂರ ಹೋಗಬೇಕಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ನಮ್ಮ ತಾಲ್ಲೂಕುಗಳ ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪಗಳೆಲ್ಲ ಪರಿಹಾರ ಕೇಂದ್ರಗಳಾದವು. ನಾನು ಹೋಗಿದ್ದ ಒಂದು ಶಾಲೆಯಲ್ಲಿ ಮಗ್ಗಿ ಬರೆದ ಗೋಡೆಯ ಕೆಳಗೆ ಬಾಣಂತಿ ಮಲಗಿದ್ದಳು. ಭೂಪಟದ ಮೊಳೆಗೆ ಯಾರದೋ ಔಷಧದ ಚೀಲ ತೂಗುಹಾಕಿತ್ತು. ಅಂಗಳದಲ್ಲಿ ಎಮ್ಮೆಗಳು. ಅಕ್ಕಪಕ್ಕದ ಊರುಗಳಿಂದ ರೊಟ್ಟಿಯ ಗಂಟುಗಳು ಬರುತ್ತಿದ್ದವು. ಯಾರು ಕಳಿಸಿದ್ದು ಎಂದು ಬರೆದಿಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಹತ್ತನೇ ಇಯತ್ತೆಯ ಇಬ್ಬರು ಹುಡುಗಿಯರು ಮೂಲೆಯಲ್ಲಿ ಕೂತು ಮುದುಕರ ಮಕ್ಕಳಿಗೆ ಫೋನ್ ಹಚ್ಚಿ ಹಚ್ಚಿ ಕೊಡುತ್ತಿದ್ದರು. ಪುಣೆಯಲ್ಲಿ, ಇಚಲಕರಂಜಿಯಲ್ಲಿ ದುಡಿಯುವ ಮಕ್ಕಳು ಅವರು. ಒಬ್ಬ ಮುದುಕಿ ಫೋನಿನಲ್ಲಿ “ನಾ ಆರಾಮ ಅದೀನಿ” ಎಂದಷ್ಟೇ ಹೇಳಿ ಕೊಟ್ಟುಬಿಟ್ಟಳು. ಆ ಹುಡುಗಿ ಫೋನು ತೆಗೆದುಕೊಂಡು ಬದಿಗೆ ಹೋಗಿ ಮೆಲ್ಲಗೆ ಹೇಳಿದಳು: “ಕಾಕಾ, ಆಯಿ ಮನಿ ಬಿದ್ದೈತಿ. ಅಕಿ ಹೇಳೂದಿಲ್ಲ. ನೀವು ಬರ್ರಿ.”

ನೂರು ವರ್ಷದ ಹಿಂದಿನ ಆ ಕಾಲೇಜು ಹುಡುಗನನ್ನು ನಾನು ಕಂಡಿಲ್ಲ. ಆದರೆ ಆ ಹೊತ್ತಿಗೆ ಅವನ ತಂಗಿಯನ್ನು ಕಂಡ ಹಾಗಾಯಿತು.

ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು, ನಮ್ಮ ಊರಿನ ಗುಡಿ, ಮಠ, ಶಾಲೆ, ವಾಡೆ, ಹಾಸ್ಟೆಲ್ಲು ಕಷ್ಟಕಾಲದಲ್ಲಿ ಏನೇನಾಗಿದ್ದವು ಎಂದು ಕೇಳಿ. ಬರಗಾಲದಲ್ಲಿ ಗಂಜಿ ಕಾಸಿದ್ದು ಎಲ್ಲಿ, ಹೊಳೆ ಬಂದಾಗ ಮಲಗಿದ್ದು ಎಲ್ಲಿ, ಕೊರೊನಾ ಕಾಲದಲ್ಲಿ ಮಂಚ ಹಾಕಿದ್ದು ಎಲ್ಲಿ? ಅಲ್ಲಿ ಯಾರು ಅಡುಗೆ ಮಾಡಿದರು, ಯಾರು ರಾತ್ರಿ ಎಚ್ಚರವಿದ್ದರು? ಹೆಸರು ಗೊತ್ತಿದ್ದರೆ ಒಂದು ವಹಿಯಲ್ಲಿ ಬರೆದಿಡಿ.

ಅಜ್ಜ ಅಜ್ಜಿಯರೇ, ಮಕ್ಕಳು ಕೇಳಲು ಬಂದಾಗ ‘ಅದೆಲ್ಲ ಈಗ್ಯಾಕ’ ಎನ್ನಬೇಡಿ. ನೀವು ಹೇಳದಿದ್ದರೆ ಆ ಹೆಸರುಗಳು ನಿಮ್ಮ ಜೊತೆಗೇ ಹೋಗಿಬಿಡುತ್ತವೆ.